ನಡುವಿನ ಕಟ್ಟೆಗೆ ಇನ್ನೊಂದು ಸಿಂಕ್ ಕೂಡಿಸುವ ಮುನ್ನ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ವಿಜಯಪುರಕ್ಕೆ ಬಂದವಳು, ಚಹಾ ಕುಡಿಯುವ ಮೊದಲೇ ಅಡುಗೆಮನೆಯ ನಕ್ಷೆಯನ್ನು ನನ್ನ ಮುಂದೆ ಹರವಿ, “ದೊಡ್ಡವ್ವಾ, ನಡುವಿನ ಕಟ್ಟಿಗೂ ಒಂದು ಸಿಂಕ್ ಕೂಡಸ್ಲೇನು? ಗೌಂಡಿ ನಾಳೆನೇ ಹೇಳ್ರಿ ಅನ್ನಾಕತ್ತಾನ” ಎಂದು ಕೇಳಿದಳು. ಅಡುಗೆಮನೆಯ ಮಧ್ಯದಲ್ಲಿ, ಯಾವ ಗೋಡೆಗೂ ತಾಗದಂತೆ, ಸುತ್ತಲೂ ಓಡಾಡಲು ಬರುವ ಹಾಗೆ ಕಟ್ಟುವ ಕಟ್ಟೆಯನ್ನು ಈಗ ಎಲ್ಲರೂ ಐಲ್ಯಾಂಡ್ ಎನ್ನುತ್ತಾರೆ. ಗೋಡೆಯ ಕಟ್ಟೆಯಲ್ಲಿ ದೊಡ್ಡ ಸಿಂಕ್ ಒಂದು ಇದ್ದೇ ಇರುತ್ತದೆ. ಈ ನಡುವಿನ ಕಟ್ಟೆಗೂ ಇನ್ನೊಂದು ಬೇಕೇ ಎಂಬುದು ಅವಳ ಪ್ರಶ್ನೆ. ನಲವತ್ತು ವರ್ಷ ಕೂಡುಕುಟುಂಬದ ಅಡುಗೆ ಮಾಡಿ, ಎರಡು ಮನೆಗಳ ಕಟ್ಟಡದ ಕೆಲಸವನ್ನು ಎದುರಿಗೆ ನಿಂತು ಮಾಡಿಸಿದ ಅನುಭವದಿಂದ ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕಲ್ಲು ಕೊರೆದು ಫರಸಿ ಹಾಸಿದ ಮೇಲೆ ಈ ವಿಷಯದಲ್ಲಿ ಮನಸ್ಸು ಬದಲಿಸುವುದು ಬಹಳ ದುಬಾರಿಯಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ನಡುವಿನ ಕಟ್ಟೆ ಒಣಗಿದ್ದರೇ ಚೆನ್ನ. ತೊಳೆಯಲು ಎರಡನೆಯ ಜಾಗ ನಿಜವಾಗಿಯೂ ಬೇಕಾಗಿದ್ದರೆ ಅದನ್ನು ಹಿತ್ತಲ ಬಾಗಿಲಿನ ಹತ್ತಿರ, ಮುಸುರೆ ಪಾತ್ರೆ ತಿಕ್ಕುವ ಕಡೆಗೆ ಮಾಡಿಕೊಳ್ಳಬೇಕು. ಇದಕ್ಕೆ ಹೊರತಾದ ಮನೆಗಳೂ ಇವೆ, ಅವುಗಳ ಮಾತನ್ನು ಮುಂದೆ ಆಡುತ್ತೇನೆ.

ಮೊದಲು ಅಳತೆಯನ್ನು ನೋಡಬೇಕು. ಗೋಡೆಯ ಕಟ್ಟೆಗೆ 2 ಅಡಿ, ಓಡಾಟಕ್ಕೆ 3.5 ಅಡಿ, ನಡುವಿನ ಕಟ್ಟೆಗೆ 2.5 ಅಡಿ, ಅದರಾಚೆ ಮತ್ತೆ ಓಡಾಟಕ್ಕೆ 3.5 ಅಡಿ ಎಂದು ಕೂಡಿಸಿದರೆ 11.5 ಅಡಿಯಾಗುತ್ತದೆ, ಅದೂ ಎದುರಿನ ಗೋಡೆಗೆ ಏನನ್ನೂ ಇಡದಿದ್ದರೆ. 30×40 ರ ಜಾಗದಲ್ಲಿ ಕಟ್ಟಿದ ಮನೆಯ ಅಡುಗೆಮನೆಗೆ ಇಷ್ಟು ಅಗಲ ಸಿಗುವುದೇ ಕಷ್ಟ. ಸಿಕ್ಕರೂ ಕಟ್ಟೆಯ ಉದ್ದ 5 ಅಡಿಗಿಂತ ಹೆಚ್ಚು ಬರುವುದು ಅಪರೂಪ, ಮತ್ತು ಆ 5 ಅಡಿಯ ನಟ್ಟನಡುವೆ ಒಂದೂವರೆ ಅಡಿಯ ಸಿಂಕ್ ಕೂತರೆ ಎರಡೂ ಕಡೆ ಒಂದೂಮುಕ್ಕಾಲು ಅಡಿಯಂತೆ ಎರಡು ತುಂಡು ಉಳಿಯುತ್ತವೆ. ಅಷ್ಟರಲ್ಲಿ ಪರಾತ ಇಟ್ಟು ಹಿಟ್ಟು ನಾದಲಿಕ್ಕೂ ಆಗುವುದಿಲ್ಲ, ಹಬ್ಬದ ದಿನ ಹೋಳಿಗೆ ಲಟ್ಟಿಸಿ ಹರವಲಿಕ್ಕೂ ಆಗುವುದಿಲ್ಲ.

ಸಿಂಕ್ ಬೇಡವೆನ್ನಲು ನನಗೆ ರೊಟ್ಟಿಯ ಕೆಲಸವೇ ದೊಡ್ಡ ಕಾರಣ. ನಮ್ಮ ಮನೆಗಳಲ್ಲಿ ಒಂದು ಹೊತ್ತಿಗೆ ಇಪ್ಪತ್ತು ರೊಟ್ಟಿ ಬಡಿಯುವುದು ಸಾಮಾನ್ಯ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗಲಂತೂ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಎಂದು ನೂರರ ಲೆಕ್ಕ. ಒಬ್ಬರು ಒಲೆಯ ಮುಂದೆ ನಿಂತು ಬೇಯಿಸುತ್ತಿರುವಾಗ ಇನ್ನೊಬ್ಬರು ನಡುವಿನ ಕಟ್ಟೆಯ ಮೇಲೆ ಬಡಿದು ಕೊಡುತ್ತಿದ್ದರೆ ಕೆಲಸ ಸರಾಗವಾಗಿ ಸಾಗುತ್ತದೆ. ಬಡಿಯುವವರಿಗೆ ಬೇಕಾಗುವುದು ಕನಿಷ್ಠ 2 ಅಡಿಯ ಒಣ ಕಲ್ಲು. ಅದರ ಪಕ್ಕದಲ್ಲಿ ನಳವಿದ್ದರೆ ಯಾರೋ ಕೈತೊಳೆದ ನೀರು ಸಿಡಿದು ಒಣಹಿಟ್ಟು ಅಲ್ಲಲ್ಲಿ ಮುದ್ದೆಯಾಗುತ್ತದೆ, ರೊಟ್ಟಿ ಕಲ್ಲಿಗೆ ಹತ್ತುತ್ತದೆ, ಎತ್ತುವಾಗ ಹರಿಯುತ್ತದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಒಂದು ಬಟ್ಟಲು ನೀರೂ ಅಂಗೈಯಗಲದ ಅರಿವೆಯ ತುಂಡೂ ಇದ್ದರೆ ಸಾಕು. ಅದಕ್ಕಾಗಿ ನಳ ಬೇಕಾಗಿಲ್ಲ.

ಇನ್ನು, “ಇಬ್ಬರು ಒಟ್ಟಿಗೆ ಅಡುಗೆ ಮಾಡುತ್ತೇವೆ, ಒಂದು ಸಿಂಕ್ ಸಾಲುವುದಿಲ್ಲ” ಎನ್ನುವ ಮನೆಗಳು. ಅಂಥವರು ಒಂದು ವಾರ ಬೆಳಗಿನ ಹೊತ್ತು ಗಮನವಿಟ್ಟು ನೋಡಬೇಕು. ಸಿಂಕಿನ ಮುಂದೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದು ಯಾವ ಕೆಲಸಕ್ಕೆ ಎಂದು ಕಂಡುಕೊಳ್ಳುವುದು ಮುಖ್ಯ. ನಮ್ಮ ಮನೆಯಲ್ಲಿ ನೋಡಿದಾಗ ಅಕ್ಕಿ ತೊಳೆಯಲು ಬಂದವರು ಕಾಯುತ್ತಿದ್ದದ್ದು ಚಹಾದ ಲೋಟಗಳಿಗಾಗಿ, ರಾತ್ರಿಯ ಮುಸುರೆಗಾಗಿ. ಮುಸುರೆ ಬಿದ್ದ ಸಿಂಕಿನಲ್ಲಿ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆಯಲು ಹಿರಿಯರಿಗೆ ಮನಸ್ಸು ಒಪ್ಪುವುದಿಲ್ಲ, ಮತ್ತು ಆ ಸಂಕೋಚ ಶುಚಿತ್ವದ ದೃಷ್ಟಿಯಿಂದಲೂ ಸರಿಯಾದದ್ದೇ ಆಗಿದೆ. ಆದರೆ ಇದರ ಪರಿಹಾರ ಮುಸುರೆಯನ್ನು ಒಳಗಿನ ಸಿಂಕಿನಿಂದ ಹೊರಗೆ ಒಯ್ಯುವುದರಲ್ಲಿದೆ. ಹಿತ್ತಲ ಬಾಗಿಲ ಬಳಿ ಆಳವಾದ ಸಿಂಕ್ ಒಂದನ್ನೋ, ಕೂತು ತಿಕ್ಕುವ ಸಣ್ಣ ಕಟ್ಟೆಯನ್ನೋ ಮಾಡಿಕೊಂಡರೆ ಕೊಳವೆ ಎರಡು ಮೂರು ಅಡಿಯಲ್ಲೇ ಹೊರಗಿನ ಗಟಾರ ಸೇರುತ್ತದೆ, ಅಡುಗೆಮನೆಯ ಸಿಂಕ್ ದಿನವಿಡೀ ಅಡುಗೆಗೇ ಉಳಿಯುತ್ತದೆ. ಮೇಲಿನ ಟಾಕಿಯಿಂದ ಬರುವ ನೀರಿನ ಒತ್ತಡ ನಮ್ಮಲ್ಲಿ ಅಷ್ಟಕ್ಕಷ್ಟೇ ಇರುವುದರಿಂದ ಅರ್ಧ ಇಂಚಿನ ಒಂದೇ ಪೈಪಿಗೆ ಎರಡು ನಳ ಹಾಕಿಸಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡರಲ್ಲೂ ನೀರು ಸಣ್ಣಗಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮುಕ್ಕಾಲು ಇಂಚಿನ ಪೈಪು ತಂದು ಕೊನೆಯಲ್ಲಿ ಮಾತ್ರ ಅರ್ಧ ಇಂಚಿಗೆ ಇಳಿಸುವುದು ಸರಿಯಾದ ಕ್ರಮ.

ಇದೆಲ್ಲ ಕಣ್ಣಿಗೆ ಕಾಣುವ ವಿಚಾರವಾಯಿತು. ಮುಖ್ಯ ತೊಂದರೆ ಇರುವುದು ನೆಲದ ಕೆಳಗೆ. ಗೋಡೆಯ ಸಿಂಕಿನ ನೀರು ಗೋಡೆ ದಾಟಿದರೆ ಹೊರಗೆ ಬಿತ್ತು. ನಡುವಿನ ಕಟ್ಟೆಯ ನೀರು ಮಾತ್ರ ಹತ್ತು ಹನ್ನೆರಡು ಅಡಿ ಫರಸಿಯ ಕೆಳಗೇ ಹರಿದುಹೋಗಬೇಕು. ಅದಕ್ಕೆ ಪ್ರತಿ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಬೇಕು, ಅಂದರೆ 12 ಅಡಿಗೆ 3 ಇಂಚು. ಪೈಪಿನ ಅಗಲ ಇನ್ನೊಂದು 3 ಇಂಚು, ಅದರ ಮೇಲಿನ ಗಿಲಾವು, ಫರಸಿ ಎಲ್ಲ ಸೇರಿ 7 ರಿಂದ 8 ಇಂಚಿನ ಆಳ ಬೇಕು. ನೆಲಮಹಡಿಯಲ್ಲಿ ಕಾಂಕ್ರೀಟು ಹಾಕುವ ಮೊದಲು ಹೇಳಿದರೆ ಇದು ಸುಲಭ. ಮೇಲ್ಮಹಡಿಯ ಅಡುಗೆಮನೆಯಾದರೆ ಛತ್ತು ಹಾಕುವಾಗಲೇ ಆ ಭಾಗವನ್ನು ತಗ್ಗಿಸಿರಬೇಕು. ಹಾಗೆ ತಗ್ಗಿಸದ ಛತ್ತಿನ ಮೇಲೆ ನಡುವಿನ ಸಿಂಕಿನ ಆಸೆಯನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಈ ಉದ್ದನೆಯ, ಹೆಚ್ಚು ಇಳಿಜಾರಿಲ್ಲದ ಕೊಳವೆಗೆ ನಾವು ಏನೇನು ಸುರಿಯುತ್ತೇವೆ ನೋಡಿ. ಎರೆಹೊಲದ ಮೆಂತ್ಯೆ, ಹಕ್ಕರಕಿ, ಪುಂಡಿಪಲ್ಲೆ ತೊಳೆದಾಗ ಬರುವ ಕಪ್ಪುಮಣ್ಣು ಅತಿ ನುಣುಪಾದದ್ದರಿಂದ ಸಿಂಕಿನ ಜಾಲರಿಯಲ್ಲಿ ನಿಲ್ಲದೆ ಕೆಳಗಿಳಿದು, ಪೈಪಿನ ತಳದಲ್ಲಿ ಅಂಟಿನಂತೆ ಕೂಡುತ್ತದೆ. ಹಿಟ್ಟಿನ ಕೈ ತೊಳೆದ ನೀರು ಅದರ ಮೇಲೆ ಸೇರುತ್ತದೆ. ಒಗ್ಗರಣೆಯ ಎಣ್ಣೆಯ ಜಿಡ್ಡು ಅದನ್ನು ಹಿಡಿದಿಡುತ್ತದೆ. ಬೋರಿನ ಗಡಸು ನೀರಿನ ಸುಣ್ಣ ವರ್ಷಗಟ್ಟಲೆ ಒಳಗೆ ಪದರು ಕಟ್ಟುತ್ತದೆ. ನಮ್ಮ ವಿಜಯಪುರಕ್ಕೆ ಆದಿಲಶಾಹಿ ಅರಸರು ತೊರವಿಯಿಂದಲೂ ಬೇಗಂ ತಾಲಾಬದಿಂದಲೂ ನೆಲದಡಿಯ ಕೊಳವೆಗಳಲ್ಲಿ ನೀರು ತಂದಾಗ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿಸಿದ್ದು, ನೀರಿನ ಒತ್ತಡ ಇಳಿಯಲಿ ಮತ್ತು ಕೆಸರು ತಳಕ್ಕೆ ಕೂಡಲಿ ಎಂದೇ. ನೆಲದಡಿಯ ಕೊಳವೆಗೆ ಕೆಸರು ತೆಗೆಯುವ ಜಾಗವೂ ಗಾಳಿಯಾಡುವ ಜಾಗವೂ ಇರಬೇಕೆಂಬುದು ಈ ಊರಿಗೆ ಹೊಸ ಮಾತೇನಲ್ಲ. ಆದ್ದರಿಂದ ಸೊಪ್ಪನ್ನು ಎಂದೂ ನೇರವಾಗಿ ಸಿಂಕಿನಲ್ಲಿ ತೊಳೆಯಬಾರದು; ಅಗಲವಾದ ಬೋಗುಣಿಯಲ್ಲಿ ಎರಡು ಸಲ ಮುಳುಗಿಸಿ, ಸೊಪ್ಪನ್ನು ಮೇಲಿನಿಂದ ಎತ್ತಿ ತೆಗೆದು, ತಳದ ಮಣ್ಣುನೀರನ್ನು ಕರಿಬೇವಿನ ಗಿಡಕ್ಕೆ ಹಾಕಬೇಕು. ಈ ರೂಢಿಯಿದ್ದ ಮನೆಯಲ್ಲಿ ಗೋಡೆಯ ಸಿಂಕ್ ಕೂಡ ಕಟ್ಟಿಕೊಳ್ಳುವುದಿಲ್ಲ.

ಗಾಳಿಯ ವಿಷಯವನ್ನೂ ಹೇಳಬೇಕು. ಸಿಂಕಿನ ಅಡಿಯಲ್ಲಿ ಬಾಗಿದ ಕೊಳವೆ ಇರುತ್ತದೆ, ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸುಮಾರು 2 ಇಂಚು ನೀರು ಸದಾ ನಿಂತು, ಗಟಾರದ ವಾಸನೆಯನ್ನೂ ಹುಳುಗಳನ್ನೂ ಮೇಲೆ ಬಾರದಂತೆ ತಡೆಯುತ್ತದೆ. ಉದ್ದ ಕೊಳವೆಯಲ್ಲಿ ನೀರು ಒಮ್ಮೆಲೇ ರಭಸದಿಂದ ಹೋದಾಗ, ಹಿಂದಿನಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ, ಈ ನಿಂತ ನೀರನ್ನೂ ಅದು ಎಳೆದುಕೊಂಡು ಹೋಗುತ್ತದೆ. ಆಗ ಗುಳುಗುಳು ಸದ್ದು ಕೇಳುತ್ತದೆ. ಗೋಡೆಯ ಸಿಂಕಿಗಾದರೆ ಗಾಳಿಯ ಪೈಪನ್ನು ಗೋಡೆಗುಂಟ ಮೇಲೆ ಒಯ್ಯಬಹುದು. ನಡುವಿನ ಕಟ್ಟೆಗೆ ಗೋಡೆಯೇ ಇಲ್ಲ. ಹೀಗಾಗಿ ಗಾಳಿಯನ್ನು ಒಳಗೆ ಬಿಟ್ಟು ವಾಸನೆಯನ್ನು ಹೊರಗೆ ಬಿಡದ ಸಣ್ಣ ವಾಲ್ವ್ ಒಂದನ್ನು ಕಟ್ಟೆಯ ಒಳಗೆ, ಕೈಗೆ ಸಿಗುವಂತೆ ಕೂಡಿಸಬೇಕಾಗುತ್ತದೆ. ಪ್ಲಂಬರನಿಗೆ “ಈ ಪೈಪಿಗೆ ಗಾಳಿ ಎಲ್ಲಿಂದಪ್ಪಾ?” ಎಂದು ಕೇಳಿ ನೋಡಿ, ಅವನು ತಡವರಿಸಿದರೆ ಕೆಲಸವನ್ನು ಅವನ ಕೈಗೆ ಕೊಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಎರಡನೆಯ ಮನೆಯಲ್ಲಿ ನಡುವಿನ ಕಟ್ಟೆಗೆ ಸಿಂಕ್ ಹಾಕಿಸಿದ್ದೆವು. ಕೆಲಸಕ್ಕೆ ಬಂದವನು ಫರಸಿಯ ಕೆಳಗೆ ಎರಡು ಕಡೆ ನೇರ ಕಾಟಕೋನದ, ಅಂದರೆ 90 ಡಿಗ್ರಿಯ, ತಿರುವು ಕೊಟ್ಟಿದ್ದ, ನಾವೂ ಗಮನಿಸಲಿಲ್ಲ. ಬೇಸಿಗೆಯಲ್ಲಿ ಮೂರು ವಾರ ಹಳ್ಳಿಗೆ ಹೋಗಿ ಮರಳಿ ಬಾಗಿಲು ತೆಗೆದರೆ ಅಡುಗೆಮನೆಯ ತುಂಬ ಗಟಾರದ ವಾಸನೆ. ಟ್ರ್ಯಾಪಿನ ನೀರು ಆ ಬಿಸಿಲಿಗೆ ಪೂರ್ತಿ ಆರಿಹೋಗಿ, ಜಿರಳೆಗಳು ಸಿಂಕಿನ ತೂತಿನಿಂದ ಹತ್ತಿ ಬಂದು ಅಕ್ಕಿಯ ಡಬ್ಬಿಯ ಹಿಂದೆ ಸೇರಿಕೊಂಡಿದ್ದವು. ಮುಂದಿನ ವರ್ಷ ಮೊದಲನೆಯ ತಿರುವಿನಲ್ಲಿ ಕೊಳವೆ ಕಟ್ಟಿತು. ನಾಲ್ಕು ಫರಸಿ ಒಡೆದು ತೆಗೆದಾಗ, ಪೈಪಿನೊಳಗೆ ಜೋಳದ ಹಿಟ್ಟೂ ಕಪ್ಪುಮಣ್ಣೂ ಕೂಡಿ ಹಸಿ ಇಟ್ಟಿಗೆಯಂತೆ ಗಟ್ಟಿಯಾಗಿದ್ದನ್ನು ಕೈಯಾರೆ ಮುಟ್ಟಿ ನೋಡಿದೆ. ಅದೇ ಬಣ್ಣದ ಫರಸಿ ಮತ್ತೆ ಸಿಗಲಿಲ್ಲ. ಆ ನಾಲ್ಕು ಚೌಕಗಳು ಇವತ್ತಿಗೂ ಬೇರೆಯಾಗಿಯೇ ಕಾಣುತ್ತವೆ.

ಹಾಗಾದರೆ ಯಾರು ಹಾಕಿಸಬಹುದು? ಕಟ್ಟೆ 7 ಅಡಿ ಅಥವಾ ಹೆಚ್ಚು ಉದ್ದವಿರುವ, ದಿನವೂ ಇಬ್ಬರು ಮೂವರು ಒಟ್ಟಿಗೆ ಅಡುಗೆ ಮಾಡುವ, ಹಿತ್ತಲ ಕಡೆ ಮುಸುರೆಗೆ ಬೇರೆ ವ್ಯವಸ್ಥೆ ಆಗಿಯೂ ಒಳಗೆ ತೊಡಕಾಗುವ, ಇನ್ನೂ ನೆಲ ಹಾಕಿರದ ಮನೆಯವರು ಧಾರಾಳವಾಗಿ ಹಾಕಿಸಬಹುದು. ಒಂದೇ ಸಿಂಕಿನಲ್ಲಿ ಮೀನು, ಮಾಂಸ ಮತ್ತು ಸೊಪ್ಪು ತೊಳೆಯಬೇಕಾಗಿ ಬರುವ ಮನೆಯವರಿಗೂ ಬೇರೆ ಸಿಂಕ್ ಇರುವುದು ಆರೋಗ್ಯಕ್ಕೆ ಹಿತ. ಅಂಥ ಸಿಂಕ್ 15 ಅಥವಾ 16 ಇಂಚಿನ ಚಿಕ್ಕ ಚೌಕವಾಗಿರಲಿ, ಕಟ್ಟೆಯ ನಡುವೆ ಬಾರದೆ ಒಂದು ತುದಿಗೆ, ಒಲೆಗೆ ದೂರವಾದ ಕಡೆ ಇರಲಿ. ಆಗ ಐದಡಿ ಒಣಜಾಗ ಒಂದೇ ಸಮ ಸಿಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಾಗಲಿ, ಬೇರೆ ಯಾವ ಕಲ್ಲಾಗಲಿ, ಸಿಂಕಿಗೆ ಕೊರೆದ ತೂತಿನ ಮುಂದೆ ಕನಿಷ್ಠ 3 ಇಂಚು ಕಲ್ಲು ಉಳಿಯದಿದ್ದರೆ ಆ ಸಣ್ಣ ಪಟ್ಟಿ ತಂದಿಳಿಸುವಾಗಲೇ ಮುರಿಯುತ್ತದೆ. ಮಿಕ್ಸರಿನ ಪ್ಲಗ್ ಪಾಯಿಂಟನ್ನು ಕಟ್ಟೆಯ ಇನ್ನೊಂದು ತುದಿಗೆ ಇಡಿಸಿ.

ಸ್ಟೀಲಿನ ಸಿಂಕ್ ಕೊಳ್ಳುವಾಗ ಅಂಗಡಿಯವರು ಅಯಸ್ಕಾಂತ ಹಚ್ಚಿ, “ಹತ್ತಲಿಲ್ಲ ನೋಡ್ರಿ, ಒಳ್ಳೆ ಮಾಲು” ಎಂದು ತೋರಿಸುತ್ತಾರೆ. ಅದನ್ನು ನಂಬಬೇಡಿ. 304 ದರ್ಜೆಗೂ ಅದಕ್ಕಿಂತ ಅಗ್ಗದ 202 ದರ್ಜೆಗೂ ಅಯಸ್ಕಾಂತ ಸಾಮಾನ್ಯವಾಗಿ ಹತ್ತುವುದಿಲ್ಲ. 304 ರಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕೆಲ್ ಇರುತ್ತದೆ. 202 ರಲ್ಲಿ ನಿಕ್ಕೆಲ್ ಕಡಿಮೆಯಿರುವುದರಿಂದ ಉಪ್ಪು, ಹುಣಸೆಹುಳಿ ತಾಗಿದ ಕಡೆ ಬೇಗ ಕಲೆಗಟ್ಟುತ್ತದೆ. ದರ್ಜೆಯನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳುವುದೇ ದಾರಿ. ಕಪ್ಪು ಬಣ್ಣದ ಸಿಂಕ್ ಅಂದವಾಗಿ ಕಂಡರೂ ಗಡಸು ನೀರಿನ ಬಿಳಿ ಕಲೆ ಅದರ ಮೇಲೆ ಎದ್ದು ಕಾಣುವುದರಿಂದ ನಮ್ಮ ಊರುಗಳಿಗೆ ಅದನ್ನು ಹೇಳಲಾರೆ.

ಹಾಕಿಸುವವರು ಕೆಲವು ಕೆಲಸ ಮರೆಯಬಾರದು. ಫರಸಿ ಹಾಸುವ ಮೊದಲು ಪೈಪಿನ ಹೊರಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಮೇಲಿನವರೆಗೆ ನೀರು ತುಂಬಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ನೀರು ಇಳಿದಿದೆಯೇ ನೋಡಬೇಕು. ತಿರುವು ಬೇಕಾದಲ್ಲಿ ಒಂದು ಕಾಟಕೋನದ ಬದಲು ಅರ್ಧ ತಿರುವಿನ ಎರಡು ತುಂಡು ಜೋಡಿಸಿ, ಹೊರಗೋಡೆಯ ಹತ್ತಿರ ತೆಗೆದು ಸ್ವಚ್ಛಮಾಡುವ ಬಾಯಿ ಬಿಡಿಸಬೇಕು. ಬಳಕೆ ಕಡಿಮೆಯಿದ್ದರೆ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹಾಕಬೇಕು, ಊರಿಗೆ ಹೋಗುವಾಗ ಆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಕುದಿಯುವ ಗಂಜಿಯನ್ನು ಪ್ಲಾಸ್ಟಿಕ್ ಪೈಪಿಗೆ ಸುರಿಯಬಾರದು, ಆರಿಸಿ ಸುರಿಯಬೇಕು.

ನನ್ನ ತಂಗಿಯ ಮಗಳಿಗೆ ಆ ದಿನ ನಾನು ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳಲಿಲ್ಲ. ಈಗಿರುವ ಬಾಡಿಗೆ ಮನೆಯ ಪಡಸಾಲೆಯಲ್ಲಿ ರಂಗೋಲಿ ಪುಡಿಯಿಂದ ನಡುವಿನ ಕಟ್ಟೆಯ ಅಳತೆಯನ್ನು ಬರೆದು, ಅದರೊಳಗೆ ಊಟದ ಮೇಜನ್ನಿಟ್ಟು, ಸಿಂಕಿನ ಜಾಗದಲ್ಲಿ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ಎಂಟು ದಿನ ಅಲ್ಲಿಯೇ ಹೆಚ್ಚುವುದು, ನಾದುವುದು, ಲಟ್ಟಿಸುವುದು ಮಾಡಲು ಹೇಳಿದೆ. ಎಂಟನೆಯ ದಿನ ಅವಳೇ ಫೋನು ಮಾಡಿ, “ದೊಡ್ಡವ್ವಾ, ನೀರು ಎರಡ ಸಲ ಬಳಸೀನಿ, ಬೋಗುಣಿ ಮಾತ್ರ ದಿನಾ ಸರಿಸಿಟ್ಟೀನಿ” ಎಂದಳು. ಮುಂದೆ ಸೊಸೆ ಬಂದ ಮೇಲೆ ಬೇಕಾದೀತೆಂದು ನೀರಿನ ಪೈಪನ್ನೂ ಕೊಳವೆಯನ್ನೂ ಈಗಲೇ ನೆಲದಡಿ ಹಾಕಿಸಿ, ಪರೀಕ್ಷೆ ಮಾಡಿಸಿ, ಬಾಯಿಗೆ ಭದ್ರವಾಗಿ ಮುಚ್ಚಳ ಬಿಗಿಸಲಾಗಿದೆ. ಮೇಲಿನ ಕಲ್ಲನ್ನು ಕೊರೆದಿಲ್ಲ. ಅಳತೆಯ ಟೇಪು ಪಕ್ಕದಲ್ಲಿಟ್ಟು ತೆಗೆದ ಆ ಪೈಪುಗಳ ಚಿತ್ರವನ್ನು ಮನೆಯ ಕಾಗದಪತ್ರಗಳ ಜೊತೆಗೇ ಇಡಲು ಹೇಳಿದ್ದೇನೆ.