ರ‍್ಯಾಮ್ ಖಾಲಿಯಿದ್ದರೂ ‘ಔಟ್ ಆಫ್ ಮೆಮೊರಿ’: ಹಳೆಯ ವಿಂಡೋಸ್‌ನಲ್ಲಿ 2 ಜಿಬಿ ಗಡಿ ದಾಟುವುದು ಹೇಗೆ?

ಎಕ್ಸ್‌ಪಿ ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಇದೆ, ಸಾಕಷ್ಟು ಖಾಲಿಯೂ ಇದೆ. ಆದರೂ ದೊಡ್ಡ ಡ್ರಾಯಿಂಗ್ ತೆರೆದ ಕೂಡಲೇ ಪ್ರೋಗ್ರಾಂ ‘ಔಟ್ ಆಫ್ ಮೆಮೊರಿ’ ಎಂದು ನಿಂತುಬಿಡುತ್ತದೆ. ಇಂಥ ಕಡೆ ರ‍್ಯಾಮ್ ಕೊಳ್ಳುವುದೂ ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಕಡತ) ಹಿಗ್ಗಿಸುವುದೂ ದಂಡ. ಕೊರತೆ ಇರುವುದು ವಿಳಾಸಗಳಿಗೆ, ಅಂದರೆ ಮೆಮೊರಿಯ ಒಂದೊಂದು ಜಾಗವನ್ನೂ ಪ್ರೋಗ್ರಾಂ ಗುರುತಿಸುವ ಸಂಖ್ಯೆಗಳಿಗೆ.

32 ಬಿಟ್ ಪ್ರೋಗ್ರಾಂ ಎಣಿಸಬಲ್ಲ ವಿಳಾಸಗಳು ಒಟ್ಟು 4 ಜಿಬಿಗೆ ಮಾತ್ರ. ಅದರಲ್ಲಿ ಮೇಲಿನ 2 ಜಿಬಿಯನ್ನು ವಿಂಡೋಸ್ ತನ್ನ ತಿರುಳಾದ ಕರ್ನಲ್‌ಗೆ ತೆಗೆದಿಡುತ್ತದೆ. ಉಳಿದ 2 ಜಿಬಿಯೂ ಒಂದೇ ಹರವಾಗಿ ಸಿಗುವುದಿಲ್ಲ, ಡಿಎಲ್‌ಎಲ್ ಫೈಲುಗಳು (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ನಡುನಡುವೆ ಬಂದು ಕೂರುತ್ತವೆ. 500 ಎಂಬಿ ಎಡೆಬಿಡದ ಜಾಗ ಬೇಕಿದ್ದರೆ, ಒಟ್ಟು 700 ಎಂಬಿ ಖಾಲಿಯಿದ್ದರೂ ಸಿಗದೇ ಹೋಗಬಹುದು. 2 ಜಿಬಿ ಮುಟ್ಟುವ ಮೊದಲೇ ಪ್ರೋಗ್ರಾಂ ಕೈಚೆಲ್ಲುವುದು ಇದರಿಂದಲೇ.

ಮೊದಲು ರೋಗ ಖಚಿತಪಡಿಸಿಕೊಳ್ಳಿ. ಪರ್ಫಾರ್ಮೆನ್ಸ್ ಮಾನಿಟರಿನಲ್ಲಿ ‘ಪ್ರೋಸೆಸ್’ ಅಡಿಯ ‘ವರ್ಚುವಲ್ ಬೈಟ್ಸ್’ ಆರಿಸಿ, ಆ ಪ್ರೋಗ್ರಾಂನ ಅಂಕಿ 2 ಜಿಬಿ ಹತ್ತಿರ ಬಂದಿದೆಯೇ ನೋಡಿ. ಟಾಸ್ಕ್ ಮ್ಯಾನೇಜರಿನ ‘ಮೆಮ್ ಯೂಸೇಜ್’ ನೋಡಿ ನಿರ್ಧರಿಸಬೇಡಿ. ಅದು ಆ ಕ್ಷಣ ರ‍್ಯಾಮಿನಲ್ಲಿರುವ ಪಾಲು ಮಾತ್ರ.

ಮುಂದಿನದು ಪ್ರೋಗ್ರಾಂನ ಯೋಗ್ಯತೆ. ಪ್ರೋಗ್ರಾಂ ಬರೆಯುವವರ ಸಾಧನವಾದ ವಿಷುವಲ್ ಸ್ಟುಡಿಯೋದ ‘ಡಂಪ್‌ಬಿನ್ /ಹೆಡರ್ಸ್’ ಆದೇಶವನ್ನು ಪ್ರೋಗ್ರಾಂನ ಎಕ್ಸ್‌ಇ ಫೈಲಿನ ಹೆಸರು ಕೊಟ್ಟು ಓಡಿಸಿದಾಗ 2 ಜಿಬಿಗಿಂತ ದೊಡ್ಡ ವಿಳಾಸ ನಿಭಾಯಿಸಬಲ್ಲದು ಎಂಬ ಸಾಲು ಕಾಣಬೇಕು. (ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.) ಆ ಗುರುತಿಲ್ಲದಿದ್ದರೆ ಮುಂದಿನ ಹಂತದಿಂದ ಏನೂ ಸಿಗದು. ‘ಎಡಿಟ್‌ಬಿನ್ /ಲಾರ್ಜ್‌ಅಡ್ರೆಸ್‌ಅವೇರ್’ ಆ ಗುರುತನ್ನು ಹಾಕಿಕೊಡುತ್ತದೆ, ಆದರೆ ಎಕ್ಸ್‌ಇ ಫೈಲಿನ ಡಿಜಿಟಲ್ ಸಹಿ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯವೂ ಉಂಟು. 2 ಜಿಬಿ ಮೇಲಿನ ವಿಳಾಸಗಳ ಮೊದಲ ಬಿಟ್ 1. ವಿಳಾಸವನ್ನು ಋಣ-ಧನ ಚಿಹ್ನೆಯ ಸಂಖ್ಯೆಯಾಗಿ ಓದುವ ಹಳೆಯ ಕೋಡ್ ಅದನ್ನು ಋಣಸಂಖ್ಯೆ ಎಂದುಕೊಂಡು, ಸದ್ದಿಲ್ಲದೆ ಡೇಟಾ ಕೆಡಿಸಬಹುದು. ಎಕ್ಸ್‌ಇ ಮತ್ತು ಕಡತ ಎರಡರ ಪ್ರತಿ ಇಟ್ಟುಕೊಂಡೇ ಪರೀಕ್ಷಿಸಿ.

ಈಗ ಬೂಟ್ ಸಾಲು, ಅಂದರೆ ವಿಂಡೋಸ್ ಶುರುವಾಗುವಾಗ ಓದುವ ಸೂಚನೆ. ಪ್ರೋಗ್ರಾಂನ ಪಾಲನ್ನು 2 ಜಿಬಿಯಿಂದ ಹಿಗ್ಗಿಸುವುದು ಇಲ್ಲೇ. ಸಿಸ್ಟಂ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ‘ಸ್ಟಾರ್ಟಪ್ ಆ್ಯಂಡ್ ರಿಕವರಿ’, ಸೆಟ್ಟಿಂಗ್ಸ್, ಎಡಿಟ್. ಬೂಟ್.ಐಎನ್‌ಐ ತೆರೆದುಕೊಳ್ಳುತ್ತದೆ. ಇರುವ ಸಾಲನ್ನು ಮುಟ್ಟಬೇಡಿ. ಅದರ ಪ್ರತಿಯನ್ನು ಕೆಳಗೆ ಅಂಟಿಸಿ, ಉದ್ಧರಣ ಚಿಹ್ನೆಯೊಳಗಿನ ಹೆಸರು ಬದಲಿಸಿ, ಕೊನೆಗೆ ‘/3ಜಿಬಿ /ಯೂಸರ್‌ವಿಎ=2900’ ಸೇರಿಸಿ ಉಳಿಸಿ. ರೀಬೂಟ್ ಆದಾಗ ಮೆನುವಿನಲ್ಲಿ ಹೊಸ ಹೆಸರನ್ನು ಆರಿಸಿ.

ಬರೀ ‘/3ಜಿಬಿ’ ಹಾಕಿದರೆ ಕರ್ನಲ್‌ಗೆ 1024 ಎಂಬಿ ಉಳಿಯುತ್ತದೆ, 2900 ಕೊಟ್ಟರೆ 1196. ಹೆಚ್ಚು ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ, ಏಕೆಂದರೆ ಅದರ ಡ್ರೈವರಿಗೂ ಕರ್ನಲ್ ಪಾಲಿನಿಂದಲೇ ವಿಳಾಸ ಬೇಕು. ಸಾಲದಿದ್ದರೆ ನೀಲಿ ಪರದೆ ಬರುತ್ತದೆ, ಇಲ್ಲವೇ ಬೂಟ್ ಆಗುವುದೇ ಇಲ್ಲ. ಆಗ ಹಳೆಯ ಸಾಲಿನಿಂದ ಒಳಹೊಕ್ಕು 2560ಕ್ಕೆ ಇಳಿಸಿ ನೋಡಿ.

32 ಬಿಟ್ ವಿಂಡೋಸ್ 7ರಲ್ಲಿ ಬೂಟ್.ಐಎನ್‌ಐ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಬಿಸಿಡಿಎಡಿಟ್ /ಸೆಟ್ ಇನ್‌ಕ್ರೀಸ್‌ಯೂಸರ್‌ವಿಎ 2900’ ಕೊಡಿ. ತೆಗೆಯಲು ‘ಬಿಸಿಡಿಎಡಿಟ್ /ಡಿಲೀಟ್‌ವ್ಯಾಲ್ಯೂ ಇನ್‌ಕ್ರೀಸ್‌ಯೂಸರ್‌ವಿಎ’.

ಸಾಧ್ಯವಿದ್ದರೆ 64 ಬಿಟ್ ವಿಂಡೋಸ್‌ಗೆ ಹೋಗುವುದೇ ಒಳ್ಳೆಯದು. ಗುರುತಿರುವ 32 ಬಿಟ್ ಪ್ರೋಗ್ರಾಂಗೆ ಅಲ್ಲಿ ಹೆಚ್ಚುಕಡಿಮೆ ಪೂರ್ತಿ 4 ಜಿಬಿ ಸಿಗುತ್ತದೆ, ಬೂಟ್ ಸಾಲು ತಿದ್ದುವ ಗೊಡವೆ ಇಲ್ಲ. ಆದರೆ 16 ಬಿಟ್ ಪ್ರೋಗ್ರಾಂಗಳು ಅಲ್ಲಿ ಓಡುವುದಿಲ್ಲ. ಹಳೆಯ ಸಾಫ್ಟ್‌ವೇರ್‌ಗಳ ಇನ್‌ಸ್ಟಾಲರ್ ಎಷ್ಟೋ ಸಲ 16 ಬಿಟ್ಟಿನದಾಗಿರುವುದರಿಂದ, ಬದಲಾಯಿಸುವ ಮೊದಲು ಅದನ್ನೂ ಪರೀಕ್ಷಿಸಿಕೊಳ್ಳಿ.