ಒಣಗಣ್ಣಿಗೆ ರಾತ್ರಿ ಆಯಿಂಟ್‌ಮೆಂಟ್: ನಾನು ಹಚ್ಚಿಕೊಳ್ಳುವ ರೀತಿ

ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಮದುವೆ ಸೀಸನ್ ಬಂತೆಂದರೆ ಒಂದರ ಮೇಲೊಂದು ಸೀರೆ ಬಂದು ಬೀಳುತ್ತವೆ. ಸೂಜಿ ತುದಿಯನ್ನೇ ನೋಡುತ್ತಾ ಕೂತರೆ ರೆಪ್ಪೆ ಬಡಿಯುವುದೇ ಮರೆತುಹೋಗುತ್ತದೆ. ನಿಮಿಷಕ್ಕೆ 15ರಿಂದ 20 ಸಲ ಬಡಿಯಬೇಕಾದ ರೆಪ್ಪೆ, ಇಂಥ ಕೆಲಸದಲ್ಲಿ ತುಂಬಾ ಕಮ್ಮಿ ಬಡಿಯುತ್ತದೆ. ಸಂಜೆ ಹೊತ್ತಿಗೆ ಕಣ್ಣೊಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಕಣ್ಣು ಬಿಡುವುದೇ ಕಷ್ಟ. ಇದರ ಜೊತೆಗೆ ನೀರೂ ಸುರಿಯುತ್ತಿತ್ತು! ನೀರು ಸುರಿಯುವ ಕಣ್ಣು ಒಣಗಿದೆ ಅಂದರೆ ಯಾರು ನಂಬುತ್ತಾರೆ?

ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಒಂದು ಪೇಪರ್ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಎಷ್ಟು ಉದ್ದ ಒದ್ದೆಯಾಯಿತು ಅಂತ ಅಳೆದು ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಕಣ್ಣೀರಿನ ಮೇಲೆ ತೆಳ್ಳಗೆ ಎಣ್ಣೆ ಪದರ ಇರುತ್ತದೆ, ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುವ ಎಣ್ಣೆ. ಅದು ಸಾಲದಿದ್ದರೆ ನೀರು ಬೇಗ ಆರಿಹೋಗುತ್ತದೆ. ಆಗ ಉರಿ ತಡೆಯಲಾಗದೆ ಕಣ್ಣು ಮತ್ತೆ ಮತ್ತೆ ನೀರು ಸುರಿಸುತ್ತದೆ, ಆದರೆ ಆ ನೀರು ನಿಲ್ಲುವುದಿಲ್ಲ. ಹಗಲಿಗೆ ಡ್ರಾಪ್ಸ್ ಬರೆದರು, ರಾತ್ರಿಗೆ ಆಯಿಂಟ್‌ಮೆಂಟ್.

ಈ ಆಯಿಂಟ್‌ಮೆಂಟ್ ಅಂದರೆ ಹೆಚ್ಚಾಗಿ ಶುದ್ಧ ಮಾಡಿದ ಪೆಟ್ರೋಲಿಯಂ ಜೆಲ್ಲಿ ಮತ್ತು ಲಿಕ್ವಿಡ್ ಪ್ಯಾರಾಫಿನ್. ಡ್ರಾಪ್ಸ್ ಬೇಗ ಹರಿದುಹೋಗುತ್ತದೆ, ಇದು ಜಾಸ್ತಿ ಹೊತ್ತು ನಿಲ್ಲುತ್ತದೆ. ಹಾಗಂತ ಕಾಲಿನ ಬಿರುಕಿಗೆ ಹಚ್ಚುವ ಜೆಲ್ಲಿಯನ್ನು ಕಣ್ಣಿಗೆ ಹಾಕಬಾರದು. ಕಣ್ಣಿಗೆ ಹೋಗುವುದು ಸ್ಟೆರೈಲ್, ಅಂದರೆ ರೋಗಾಣು ಇಲ್ಲದ್ದು, ಆಗಿರಲೇಬೇಕು. 2024ರಲ್ಲಿ ನಮ್ಮ ದೇಶದಲ್ಲೇ ತಯಾರಾಗಿ ಅಮೆರಿಕಕ್ಕೆ ಹೋಗಿದ್ದ ಕೆಲವು ಕಣ್ಣಿನ ಆಯಿಂಟ್‌ಮೆಂಟ್‌ಗಳನ್ನು ಇದೇ ವಿಷಯಕ್ಕೆ, ಸ್ಟೆರೈಲ್ ಇಲ್ಲದಿರಬಹುದು ಅನ್ನುವ ಅನುಮಾನಕ್ಕೆ, ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡರು. ಕಣ್ಣಿಗೆ ಹರಳೆಣ್ಣೆ, ತಾಯಿಹಾಲು ಹಾಕಿ ಅಂತ ಹೇಳುವ ಹಿರಿಯರು ನಮ್ಮ ಬೀದಿಯಲ್ಲೂ ಇದ್ದಾರೆ. ಅವರ ಪ್ರೀತಿ ದೊಡ್ಡದು, ಆದರೆ ನಾನು ಆ ದಾರಿಗೆ ಹೋಗಲಿಲ್ಲ.

ನನಗೆ ನಿಜವಾಗಿ ಭಯ ಇರುವುದು ಬೇರೆ ಟ್ಯೂಬಿನ ಬಗ್ಗೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ "ಕಣ್ಣಿನ ಆಯಿಂಟ್‌ಮೆಂಟ್ ಕೊಡಿ" ಅಂದರೆ ಆ್ಯಂಟಿಬಯಾಟಿಕ್ ಇರುವುದು ಕೈಗೆ ಬರಬಹುದು, ಸ್ಟೀರಾಯ್ಡ್ ಸೇರಿಸಿದ್ದೂ ಬರಬಹುದು. ಟ್ಯೂಬುಗಳೆಲ್ಲ ನೋಡಲು ಒಂದೇ ಥರ. ಸ್ಟೀರಾಯ್ಡ್ ಹಚ್ಚಿದರೆ ಕೆಂಪು ಬೇಗ ಇಳಿಯುತ್ತದೆ, ಹಿತವೂ ಅನಿಸುತ್ತದೆ. ಆದರೆ ಡಾಕ್ಟರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಪೊರೆಯೂ ಬರಬಹುದು. ಅದಕ್ಕೇ ನಾನು ಚೀಟಿ ತೋರಿಸಿಯೇ ತೆಗೆದುಕೊಳ್ಳುತ್ತೇನೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತ ಸ್ಟೀರಾಯ್ಡ್ ಹೆಸರು ಬರೆದಿದೆಯಾ ಅಂತ ಡಬ್ಬಿ ತಿರುಗಿಸಿ ನೋಡುತ್ತೇನೆ.

ಇನ್ನು ಹಚ್ಚುವ ವಿಷಯ. ಇದು ಮಲಗುವ ಮುಂಚಿನ ಕಟ್ಟಕಡೆಯ ಕೆಲಸ ಆಗಿರಬೇಕು. ಬಾಗಿಲು ಹಾಕಿ, ಗ್ಯಾಸ್ ಆರಿಸಿ, ಮೊಬೈಲ್ ಚಾರ್ಜಿಗೆ ಇಟ್ಟು, ಬಚ್ಚಲಿಗೂ ಹೋಗಿಬಂದ ಮೇಲೆಯೇ ಟ್ಯೂಬ್ ಮುಟ್ಟುವುದು. ಯಾಕೆಂದರೆ ಹಚ್ಚಿದ ತಕ್ಷಣ ಎದುರಿಗಿದ್ದದ್ದೆಲ್ಲ ಮಂಜು ಮಂಜಾಗುತ್ತದೆ. ನಡುರಾತ್ರಿ ಏಳುವವರು ಹಾಸಿಗೆ ಪಕ್ಕ ಲೈಟಿನ ಸ್ವಿಚ್ ಇಟ್ಟುಕೊಳ್ಳಬೇಕು, ವಯಸ್ಸಾದವರಿದ್ದರೆ ಜೊತೆಗೆ ಯಾರಾದರೂ ಇರಬೇಕು. ಬೆಳಿಗ್ಗೆಯೂ ಸ್ವಲ್ಪ ಹೊತ್ತು ಮಬ್ಬು ಇರುತ್ತದೆ. ಅದು ಪೂರ್ತಿ ಹೋಗುವವರೆಗೆ ನಾನು ಸ್ಕೂಟಿ ಮುಟ್ಟುವುದಿಲ್ಲ, ಕತ್ತರಿಯನ್ನೂ ಹಿಡಿಯುವುದಿಲ್ಲ.

ಮೊದಲು ಕಾಡಿಗೆ ಪೂರ್ತಿ ತೆಗೆಯುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದಿಡಲೇಬೇಕು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದಾರು ನಿಮಿಷ ಇಟ್ಟುಕೊಳ್ಳುತ್ತೇನೆ, ಗ್ರಂಥಿಯಲ್ಲಿ ಗಟ್ಟಿಯಾದ ಎಣ್ಣೆ ಸಡಿಲವಾಗಲಿ ಅಂತ. ರಾತ್ರಿ ಡ್ರಾಪ್ಸ್ ಇದ್ದರೆ ಮೊದಲು ಅದು. ಸುಮಾರು ಹತ್ತು ನಿಮಿಷ ಬಿಟ್ಟು ಆಯಿಂಟ್‌ಮೆಂಟ್. ಇದನ್ನು ಹಿಂದುಮುಂದು ಮಾಡಿದರೆ ಜಿಡ್ಡಿನ ಮೇಲೆ ಡ್ರಾಪ್ಸ್ ಒಳಗೆ ಇಳಿಯುವುದಿಲ್ಲ.

ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಳ್ಳುತ್ತೇನೆ. ದಿನವಿಡೀ ಬಣ್ಣದ ದಾರ ಮುಟ್ಟುವ ಕೈ, ಉಗುರಿನ ಸಂದಿಯಲ್ಲಿ ಜರಿ ಪುಡಿ ಇರುತ್ತದೆ. ಟ್ಯೂಬನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಬೆಚ್ಚಗಾಗಿ ಸಲೀಸಾಗಿ ಬರುತ್ತದೆ. ಕನ್ನಡಿ ಮುಂದೆ ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದರೆ ಒಳಗೆ ಗುಲಾಬಿ ಬಣ್ಣದ ಚೀಲದ ಥರ ಜಾಗ ಕಾಣುತ್ತದೆ. ಮೇಲೆ ನೋಡುತ್ತಾ ಅಲ್ಲಿಗೆ ಒಂದು ಅಕ್ಕಿಕಾಳಿನ ಉದ್ದದ ಎಳೆ ಬಿಡುತ್ತೇನೆ. ಅಷ್ಟು ಸಾಕು. ಜಾಸ್ತಿ ಹಾಕಿದರೆ ಕೆನ್ನೆಗೆ ಇಳಿದು ದಿಂಬಿಗೆ ಹತ್ತುತ್ತದೆ ಅಷ್ಟೇ. ಟ್ಯೂಬಿನ ಮೂತಿ ಕಣ್ಣಿಗೂ ತಾಗಬಾರದು, ರೆಪ್ಪೆಗೂ ತಾಗಬಾರದು, ಬೆರಳಿಗೂ ತಾಗಬಾರದು. ಎಳೆ ಕತ್ತರಿಸದಿದ್ದರೆ ಟ್ಯೂಬನ್ನು ಸ್ವಲ್ಪ ತಿರುಗಿಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಒಳಗೇ ಗುಡ್ಡೆ ಆಡಿಸುತ್ತೇನೆ. ಉಜ್ಜುವುದಿಲ್ಲ. ಹೊರಗೆ ಬಂದದ್ದನ್ನು ಶುಭ್ರ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತಕ್ಷಣ ಬಿಗಿ ಮಾಡುತ್ತೇನೆ.

ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡುತ್ತೇನೆ. ತೆರೆದ ಒಂದು ತಿಂಗಳೊಳಗೆ ಬಳಸಿ ಅಂತ ನನ್ನ ಡಬ್ಬಿ ಮೇಲಿದೆ. ಅರ್ಧ ಟ್ಯೂಬ್ ಉಳಿದರೂ ಎಸೆಯುತ್ತೇನೆ. ನಮ್ಮತ್ತೆ ಒಂದು ದಿನ, "ನಂಗೂ ಉರೀತದಮ್ಮ, ಒಂಚೂರು ಹಾಕು" ಅಂದರು. "ಅತ್ತೇ, ಇದು ನನ್ನ ಕಣ್ಣಿಂದು. ನಿಮ್ಮನ್ನ ನಾಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ" ಅಂದೆ. ಒಬ್ಬರ ಟ್ಯೂಬ್ ಇನ್ನೊಬ್ಬರಿಗೆ ಬೇಡ, ಗಂಡ ಹೆಂಡತಿಯ ನಡುವೆಯೂ ಬೇಡ. ಮಾರನೇ ದಿನ ಹೋದೆವು. ಅವರ ತೊಂದರೆಯೇ ಬೇರೆ ಇತ್ತು, ಔಷಧಿಯೂ ಬೇರೆ.

ಹಚ್ಚಿದ ಮೇಲೆ ರೆಪ್ಪೆ ಊದಿಕೊಂಡು ತುರಿಕೆ ಬಂದರೆ ನಿಲ್ಲಿಸಿಬಿಡಿ. ಕೆಲವು ಆಯಿಂಟ್‌ಮೆಂಟಿನಲ್ಲಿ ಕುರಿ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇರುತ್ತದೆ, ಅದು ಕೆಲವರಿಗೆ ಆಗಿಬರುವುದಿಲ್ಲ. ಕಣ್ಣು ನೋಯುವುದು, ಬೆಳಕು ನೋಡಲಾಗದಿರುವುದು, ಕೀವಿನಂಥ ಪಿಸುರು, ಮಧ್ಯಾಹ್ನವಾದರೂ ಹೋಗದ ಮಬ್ಬು: ಇವಕ್ಕೆ ಇನ್ನೊಂದು ದಿನ ನೋಡೋಣ ಅನ್ನಬೇಡಿ, ಅವತ್ತೇ ತೋರಿಸಿ. ಹೋಗುವಾಗ ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೆ ಡಾಕ್ಟರು ಕೇಳುವ ಮುಂಚೆಯೇ ಹೇಳಿ. ಬಾಯಿ ಒಣಗುವುದು, ಕೀಲು ನೋವು ಇದ್ದರೆ ಅದನ್ನೂ ಹೇಳಿ.