ಡಿಜಿಟಲ್ ಔಟ್‌ಪುಟ್‌ಗಳಿಗೆ ಸುರಕ್ಷಿತ ಸ್ಥಿತಿ, ಇನ್‌ಪುಟ್‌ಗಳಿಗೆ ತಕ್ಕ ಫಿಲ್ಟರ್

ಹೊರಗಿನ ಸಂಕೇತಗಳನ್ನು ಕಂಪ್ಯೂಟರಿಗೆ ತಲುಪಿಸಿ, ಅದರ ಆದೇಶಗಳನ್ನು ಸಾಧನಗಳಿಗೆ ಕಳಿಸುವ ಡೇಟಾ ಅಕ್ವಿಸಿಷನ್ ಕಾರ್ಡಿಗೆ ಹೀಟರ್, ವಾಲ್ವ್ ಅಥವಾ ಮೋಟರನ್ನು ಜೋಡಿಸುವ ಮುನ್ನ, ವಿದ್ಯುತ್ ಹೋದಾಗ, ಕೇಬಲ್ ಕಳಚಿದಾಗ, ಪ್ರೋಗ್ರಾಂ ಸ್ಥಗಿತಗೊಂಡಾಗ ಆ ಸಾಧನ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಪ್ರತಿ ಔಟ್‌ಪುಟ್‌ಗೂ ಬರೆದಿಟ್ಟುಕೊಳ್ಳಬೇಕು. ಹೀಟರ್ ಆರಬೇಕು, ಅದನ್ನು ತಂಪಾಗಿಸುವ ಫ್ಯಾನ್ ತಿರುಗುತ್ತಿರಬೇಕು ಎಂದಾದರೆ, ಹೀಟರನ್ನು ಒಂದು ರಿಲೇಯ (ಕಾಯಿಲ್‌ಗೆ ವಿದ್ಯುತ್ ಕೊಟ್ಟು ನಡೆಸುವ ಸ್ವಿಚ್) ನಾರ್ಮಲಿ ಓಪನ್, ಅಂದರೆ ಕಾಯಿಲ್‌ಗೆ ವಿದ್ಯುತ್ ಇಲ್ಲದಾಗ ತೆರೆದಿರುವ, ಸಂಪರ್ಕಕ್ಕೂ, ಪ್ರತ್ಯೇಕ ವಿದ್ಯುತ್ ಮೂಲವಿರುವ ಫ್ಯಾನನ್ನು ಇನ್ನೊಂದು ರಿಲೇಯ ನಾರ್ಮಲಿ ಕ್ಲೋಸ್ಡ್, ಅಂದರೆ ವಿದ್ಯುತ್ ಇಲ್ಲದಾಗ ಕೂಡಿಕೊಂಡಿರುವ, ಸಂಪರ್ಕಕ್ಕೂ ಜೋಡಿಸಿ. ಆಗ ಕಾಯಿಲ್‌ಗಳಿಗೆ ವಿದ್ಯುತ್ ನಿಂತೊಡನೆ ಎರಡೂ ತಾವಾಗಿಯೇ ಸರಿಯಾದ ಸ್ಥಿತಿಗೆ ಮರಳುತ್ತವೆ.

ಕಾರ್ಡ್ ಆನ್ ಆದ ಕ್ಷಣಕ್ಕೆ ವಿಶೇಷ ಗಮನ ಕೊಡಬೇಕು. ಅನೇಕ ಕಾರ್ಡುಗಳಲ್ಲಿ ಡಿಜಿಟಲ್ ಲೈನುಗಳು ಆರಂಭದಲ್ಲಿ ಇನ್‌ಪುಟ್‌ಗಳಾಗಿಯೇ ಇರುತ್ತವೆ. ಪ್ರೋಗ್ರಾಂ ಅವುಗಳನ್ನು ಔಟ್‌ಪುಟ್ ಎಂದು ಹೊಂದಿಸುವವರೆಗೂ ರಿಲೇ ಡ್ರೈವರ್‌ಗೆ ಯಾವ ಆದೇಶವೂ ಇರುವುದಿಲ್ಲ. ಅದಕ್ಕಾಗಿ ಲೈನಿನಿಂದ ಗ್ರೌಂಡಿಗೆ, ಲೈನನ್ನು 'ಲೋ' ಕಡೆಗೆ ಎಳೆದಿಡುವ ಪುಲ್‌ಡೌನ್ ರೆಸಿಸ್ಟರ್ ಹಾಕಬೇಕು, ಆದರೆ ಲೆಕ್ಕ ಮಾಡಿಯೇ ಹಾಕಬೇಕು. ಕಾರ್ಡಿನ ಒಳಗೆ 5 ವೋಲ್ಟಿಗೆ 47 ಕಿಲೋಓಮ್ ಪುಲ್‌ಅಪ್ (ಲೈನನ್ನು 'ಹೈ' ಕಡೆಗೆ ಎಳೆಯುವ ರೆಸಿಸ್ಟರ್) ಇದ್ದರೆ, ಹೊರಗಿನ 10 ಕಿಲೋಓಮ್ ರೆಸಿಸ್ಟರ್ ಲೈನನ್ನು ಸುಮಾರು 0.88 ವೋಲ್ಟಿನಲ್ಲಿ ನಿಲ್ಲಿಸುತ್ತದೆ. ಟಿಟಿಎಲ್ (5 ವೋಲ್ಟಿನ ಒಂದು ಸಾಮಾನ್ಯ ಲಾಜಿಕ್ ಮಾದರಿ) ಇನ್‌ಪುಟ್ ಅದನ್ನು ಖಚಿತವಾಗಿ 'ಲೋ' ಎಂದು ಓದುವ 0.8 ವೋಲ್ಟ್ ಮಿತಿಯನ್ನು ಇದು ದಾಟಿಬಿಡುತ್ತದೆ. 4.7 ಕಿಲೋಓಮ್ ಹಾಕಿದರೆ ಸುಮಾರು 0.45 ವೋಲ್ಟಿಗೆ ಇಳಿಯುತ್ತದೆ, ಔಟ್‌ಪುಟ್ 'ಹೈ' ಆದಾಗ ಸುಮಾರು 1 ಮಿಲಿಆಂಪಿಯರ್ ಮಾತ್ರ ಹೆಚ್ಚು ಹರಿಯುತ್ತದೆ.

ಕಾರ್ಡಿನಲ್ಲಿ ವಾಚ್‌ಡಾಗ್ ಟೈಮರ್ (ಪ್ರೋಗ್ರಾಂ ಆಗಾಗ ಮರುಹೊಂದಿಸದಿದ್ದರೆ ಅದು ಸ್ಥಗಿತಗೊಂಡಿದೆ ಎಂದು ಗ್ರಹಿಸುವ ಟೈಮರ್) ಇದ್ದರೆ ಅದರ ಅವಧಿ ಮುಗಿದಾಗ ಔಟ್‌ಪುಟ್‌ಗಳು ಹೋಗಬೇಕಾದ ಸ್ಥಿತಿಯನ್ನೂ ಹೊಂದಿಸಿ. ಟೈಮರನ್ನು ಮರುಹೊಂದಿಸುವ ಆದೇಶ ನಿಯಂತ್ರಣ ಲೂಪಿನ ಕೊನೆಯಲ್ಲೇ ಇರಬೇಕು. ಅದನ್ನು ಬೇರೊಂದು ಥ್ರೆಡ್‌ಗೆ (ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ನಡೆಯುವ ಇನ್ನೊಂದು ಭಾಗಕ್ಕೆ) ಒಪ್ಪಿಸಿದರೆ, ಲೂಪ್ ಸಿಕ್ಕಿಹಾಕಿಕೊಂಡರೂ ಆ ಥ್ರೆಡ್ ಎಲ್ಲವೂ ಸರಿಯಿದೆ ಎಂದು ವರದಿ ಮಾಡುತ್ತಲೇ ಇರುತ್ತದೆ, ಹೀಟರ್ ಬಿಸಿಯಾಗುತ್ತಲೇ ಇರುತ್ತದೆ.

ಇನ್‌ಪುಟ್ ಕಡೆ, ಚಲಿಸುವ ಭಾಗ ಮಿತಿ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ಚಿಗೆ ನಾರ್ಮಲಿ ಕ್ಲೋಸ್ಡ್ ಸಂಪರ್ಕವನ್ನೇ ಬಳಸಿ. ತಂತಿ ತುಂಡಾದರೂ ಅದು ಮಿತಿ ಮುಟ್ಟಿದಂತೆಯೇ ಕಾಣುತ್ತದೆ. ಸಂಪರ್ಕ ಕೂಡುವಾಗ ಕೆಲವು ಮಿಲಿಸೆಕೆಂಡು ಬೌನ್ಸ್ ಆಗುವುದರಿಂದ (ಪದೇ ಪದೇ ಕೂಡಿ ಬಿಡುವುದರಿಂದ), ಅದನ್ನು ಆಸಿಲೋಸ್ಕೋಪಿನಲ್ಲಿ ಅಳೆದು, ಅದಕ್ಕಿಂತ ತುಸು ಹೆಚ್ಚಿನ ಫಿಲ್ಟರ್ ಅವಧಿಯನ್ನು ಆರಿಸಬೇಕು. 5 ಮಿಲಿಸೆಕೆಂಡಿನ ಫಿಲ್ಟರ್ ಅಷ್ಟೇ ವಿಳಂಬವನ್ನೂ ತರುತ್ತದೆ, 100 ಹರ್ಟ್ಸ್‌ಗಿಂತ ವೇಗದ ಚೌಕ ತರಂಗವನ್ನು ನುಂಗಿಹಾಕುತ್ತದೆ; ಹಾಗಾಗಿ ಚಲನೆಯನ್ನು ವೇಗದ ಪಲ್ಸ್‌ಗಳಾಗಿ ಕಳಿಸುವ ಎನ್‌ಕೋಡರ್ ಲೈನಿಗೆ ಅದೇ ಅವಧಿ ಸಲ್ಲದು.

ಕೊನೆಗೆ ಹೀಟರಿನ ಬದಲು ಸಣ್ಣ ದೀಪವನ್ನು ಜೋಡಿಸಿ, ಚಾಲನೆಯಲ್ಲಿರುವಾಗಲೇ ಕೇಬಲ್ ಕೀಳಿ, ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿ, ಕಂಪ್ಯೂಟರನ್ನು ಮತ್ತೆ ಆನ್ ಮಾಡಿ ನೋಡಿ. ಮಲ್ಟಿಮೀಟರಿಗೆ ಕಾಣದ ಕ್ಷಣಿಕ ಪಲ್ಸ್ ಆಸಿಲೋಸ್ಕೋಪಿನಲ್ಲಿ ಸಿಗುತ್ತದೆ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಕಾರ್ಡನ್ನು ಹಾದುಹೋಗದೆ ನೇರವಾಗಿ ವಿದ್ಯುತ್ತನ್ನೇ ಕಡಿಯುವಂತಿರಬೇಕು.